ಪ್ರೂಫಪ್ಪನವರ ಪ್ರೊಸೆಸರ್ ಪ್ರತಾಪ

ಇಷ್ಟಕ್ಕೆಲ್ಲ ಕಾರಣ ಷಡ್ಡಕ ಫೋನಿನಲ್ಲಿ ನಕ್ಕ ಒಂದು ನಗು.

"ಭಾವ, ಆ ಹಳೇ ಕಂಪ್ಯೂಟರ್ ಡಬ್ಬಾನ ಇನ್ನೂ ಇಟ್ಕೊಂಡಿದೀರಾ? ಆನ್ ಮಾಡಿ ಸ್ನಾನಕ್ಕೆ ಹೋದ್ರೆ ತಲೆ ಒಣಗೋ ಹೊತ್ತಿಗೆ ಕಣ್ಣು ಬಿಡುತ್ತೆ ಅದು! ಎಸೆದು ಹೊಸದು ತಗೊಳ್ಳಿ."

ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ, ಬೀದಿಗೆಲ್ಲ ಪ್ರೂಫಪ್ಪ ಎಂದೇ ಹೆಸರಾಗಿದ್ದವರಿಗೆ ಆ ನಗು ನೇರವಾಗಿ ಎದೆಗೆ ನಾಟಿತು. ತಪ್ಪಿದ್ದರೆ ತಿದ್ದಬೇಕು, ಹಾಳೆಯನ್ನೇ ಹರಿದು ಎಸೆಯಬಾರದು ಎಂಬುದು ಅವರ ಜೀವನದ ನಿಲುವು. "ಭಾನುವಾರ ಊಟಕ್ಕೆ ಬರ್ತೀರಲ್ಲ, ಅಷ್ಟರಲ್ಲಿ ನನ್ನ ಕೈಯಾರೆ ಅದಕ್ಕೆ ಹೊಸ ಪ್ರೊಸೆಸರ್ ಹಾಕಿರ್ತೀನಿ. ಓಡದೇ ಹೋದ್ರೆ ನಿಮ್ಮೆದುರಿಗೇ ಎತ್ತಿ ಗುಜರಿಗೆ ಹಾಕ್ತೀನಿ!" ಎಂದುಬಿಟ್ಟರು.

"ಪ್ರೊಸೆಸರ್ ಅಂದ್ರೆ ಏನ್ರೀ?" ಎಂದರು ಹೆಂಡತಿ.

"ಕಂಪ್ಯೂಟರಿನ ಮೆದುಳು ಕಣೇ."

"ಅದನ್ನ ನೀವು ಬಿಚ್ತೀರಾ? ಗೋಡೆ ಗಡಿಯಾರ ಬಿಚ್ಚಿದ್ದು ಇನ್ನೂ ಡಬ್ಬದಲ್ಲೇ ಇದೆ."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಶಸ್ತ್ರಚಿಕಿತ್ಸೆ ಶುರುವಾಯಿತು. ಅಂಚೆಯಲ್ಲಿ ತರಿಸಿದ್ದ ಹೊಸ ಪ್ರೊಸೆಸರನ್ನು ಒಂದು ತಟ್ಟೆಯಲ್ಲಿ ಇಟ್ಟಿದ್ದರು. ಬಿಸ್ಕತ್ತಿನಷ್ಟು ಅಗಲದ ಲೋಹದ ಬಿಲ್ಲೆ, ಅಡಿಯಲ್ಲಿ ಕೂದಲಿನಷ್ಟು ತೆಳ್ಳಗಿನ ನೂರಾರು ಕಾಲು. ಸ್ಕ್ರೂಡ್ರೈವರ್ ಸದ್ದು ಕೇಳಿದರೆ ಮನೆಯಲ್ಲಿ ನಿಲ್ಲಲಾರದ ಮೇಲ್ಮಹಡಿಯ ನಿವೃತ್ತ ಪೋಸ್ಟ್‌ಮಾಸ್ತರರು ಕರೆಯದೇ ಬಂದು ಕುರ್ಚಿ ಎಳೆದುಕೊಂಡರು.

ಡಬ್ಬ ತೆಗೆದರೆ ಒಳಗೆ ಫ್ಯಾನೇ ಕಾಣಿಸಲಿಲ್ಲ. ಹನ್ನೆರಡು ವರ್ಷದ ಧೂಳು ಅದರ ಮೇಲೆ ಹಾಸಿಗೆ ಹಾಕಿ ಮಲಗಿತ್ತು. "ಇಷ್ಟಕ್ಕೆ ಬ್ರಷ್ ಯಾಕೆ?" ಎಂದು ಪೋಸ್ಟ್‌ಮಾಸ್ತರರು ಉಫ್ ಎಂದು ಊದಿದರು. ಮರುಕ್ಷಣ ಇಬ್ಬರ ತಲೆಯೂ ಹಿಟ್ಟಿನ ಗಿರಣಿಯವನ ತಲೆಯಂತಾಯಿತು. ಆದರೆ ಫ್ಯಾನು ಮಾತ್ರ ಥಳಥಳ ಹೊಳೆಯಿತು.

ಹಳೇ ಪ್ರೊಸೆಸರಿನ ಮೇಲೆ ಕೂತಿದ್ದ, ಅದರ ಶಾಖ ಹೀರುವ ಲೋಹದ ದಿಮ್ಮಿ ಅಲುಗಾಡಲಿಲ್ಲ. ನಡುವೆ ಹಚ್ಚಿದ್ದ ಪೇಸ್ಟು ಒಣಗಿ ಗಾರೆಯಾಗಿತ್ತು. ಪ್ರೂಫಪ್ಪನವರು ಹಲ್ಲು ಕಚ್ಚಿ ಎಳೆದರು. ದಿಮ್ಮಿ ಪ್ರೊಸೆಸರ್ ಸಮೇತ ಕಿತ್ತು ಬಂತು, ಅವರ ಮೊಣಕೈ ತಟ್ಟೆಗೆ ಬಡಿಯಿತು, ದಿಮ್ಮಿಯಿಂದ ಕಳಚಿದ ಹಳೆಯದೂ ತಟ್ಟೆಯಲ್ಲಿದ್ದ ಹೊಸದೂ ಒಟ್ಟಿಗೆ ಮೇಜಿನಡಿ ಸೇರಿದವು.

"ಗಾಬರಿ ಬೇಡ!" ಎಂದು ಪೋಸ್ಟ್‌ಮಾಸ್ತರರು ಮೇಜಿನಡಿ ತೂರಿದರು. ಎರಡನ್ನೂ ಹೆಕ್ಕಿ, ಮೆತ್ತಿದ್ದ ಕೊಳೆಯನ್ನೆಲ್ಲ ಅಂಗಿಯ ಅಂಚಿನಲ್ಲಿ ತಿಕ್ಕಿ ತಿಕ್ಕಿ ಒರೆಸಿಯೇ ಹೊರಬಂದರು. ಈಗ ಎರಡೂ ಅವಳಿ ಮಕ್ಕಳಂತೆ ಫಳಫಳ. ಒಂದಕ್ಕೆ ಮಾತ್ರ ಮೂರು ಕಾಲು ಬಗ್ಗಿತ್ತು.

"ಇದರಲ್ಲಿ ಹೊಸದು ಯಾವುದು?" ಎಂದರು ಪ್ರೂಫಪ್ಪನವರು. ಬಿಲ್ಲೆಯ ಮೇಲೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಕನ್ನಡಕಕ್ಕೆ ತಡಕಾಡಿದರು.

"ಕನ್ನಡಕ ಯಾಕ್ರೀ? ಮೂವತ್ತೈದು ವರ್ಷ ಕಾಗದ ವಿಂಗಡಿಸಿದೀನಿ, ಒಂದೂ ತಪ್ಪು ಮನೆಗೆ ಹೋಗಿಲ್ಲ. ಜಾಸ್ತಿ ಹೊಳೀತಿರೋದೇ ಹೊಸದು. ಇದೇ, ಕಾಲು ಬಗ್ಗಿದ್ದು."

ತಮ್ಮ ಹಣೆಬರಹ ಗೊತ್ತಿದ್ದ ಪ್ರೂಫಪ್ಪನವರಿಗೂ ಅದು ಸರಿಯೆನ್ನಿಸಿತು. ಮುರಿಯುವುದಾದರೆ ಹೊಸದೇ ತಾನೆ ಮುರಿಯಬೇಕು? ಹತ್ತೂವರೆಯಾಗಿತ್ತು. ಗುಜರಿಯವನು ಕಣ್ಮುಂದೆ ಬಂದು ನಿಂತ.

"ಸಣ್ಣದನ್ನ ನೆಟ್ಟಗೆ ಮಾಡೋರು ಕೆಳಗಿನ ಮನೇಲೇ ಇದಾರಲ್ಲ," ಎಂದರು ಹೆಂಡತಿ.

ಕೆಳಗಿನ ಮನೆಯ ಹಲ್ಲಿನ ಡಾಕ್ಟರು ರಜೆಯಿದ್ದರೂ ಕ್ಲಿನಿಕ್ಕಿನ ಬಾಗಿಲು ತೆರೆದರು. ದೀಪ ಬಗ್ಗಿಸಿ, ಪುಟ್ಟ ಕನ್ನಡಿ ಹಿಡಿದು ನೋಡಿ, "ಸಾಲು ತಪ್ಪಿದೆ, ಆದ್ರೆ ಬುಡ ಗಟ್ಟಿ ಇದೆ," ಎಂದು ತೀರ್ಪಿತ್ತರು. ಪೋಸ್ಟ್‌ಮಾಸ್ತರರು ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಿಂತರು. ಒಂದು ಗಂಟೆಯಲ್ಲಿ ಮೂರೂ ಕಾಲು ಸಿಪಾಯಿಗಳಂತೆ ನೆಟ್ಟಗಾದವು. "ನನ್ನ ಕೈಗೆ ಬಂದ ಪೇಷಂಟುಗಳಲ್ಲಿ ಅಳದೇ ಇದ್ದದ್ದು ಇದೊಂದೇ!" ಎಂದು ಡಾಕ್ಟರು ತಾವೂ ಮೇಲೆ ಬಂದರು.

ಪ್ರೂಫಪ್ಪನವರು ಅದನ್ನು ಕೂರಿಸಿ, ಹೊಸ ಪೇಸ್ಟು ಹಚ್ಚಿ, ಫ್ಯಾನು ಬಿಗಿದು, ಬೆವರೊರೆಸಿಕೊಂಡು ಬಟನ್ ಒತ್ತಿದರು. ಏಳು ನಿಮಿಷ ಕೊಸರಾಡುತ್ತಿದ್ದ ಯಂತ್ರ ಒಂದೇ ನಿಮಿಷದಲ್ಲಿ ಎದ್ದು ಕೂತಿತು. ಡಾಕ್ಟರು ಚಪ್ಪಾಳೆ ತಟ್ಟಿದರು. ಹೆಂಡತಿ, "ಅಯ್ಯೋ, ನಿಜವಾಗ್ಲೂ ಮಾಡಿಬಿಟ್ರಲ್ರೀ!" ಎಂದರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು.

ಒಂದು ಗಂಟೆಗೆ ಬಂದ ಷಡ್ಡಕ ನಿಂತೇ ನೋಡಿದ, ಕೂತು ನೋಡಿದ, ಆರಿಸಿ ಮತ್ತೆ ಹೊತ್ತಿಸಿ ನೋಡಿದ. ಕೊನೆಗೆ ಕೈಮುಗಿದ. "ಸೋತೆ ಭಾವ. ನಿಮ್ಮ ಕೈ ಕೈಯಲ್ಲ, ಕಾರ್ಖಾನೆ!"

ಊಟವೆಲ್ಲ ಅದೇ ಮಾತಿನಲ್ಲಿ ಕಳೆಯಿತು. ಕೈತೊಳೆಯುವಾಗ ಷಡ್ಡಕ ತಲೆ ಕೆರೆದುಕೊಂಡ. "ಭಾವ, ನಿಮಗೆ ಎಸೀರಿ ಅಂದೆ. ಆದ್ರೆ ನಿಮ್ಮ ಜೊತೇಲೇ ತಂದಿದ್ನಲ್ಲ, ಅದೇ ಥರದ ಕಂಪ್ಯೂಟರು, ಅದನ್ನ ನಾನೂ ಎಸೆದಿಲ್ಲ. ನನ್ನದ್ರಲ್ಲಿರೋ ಪ್ರೊಸೆಸರ್ ನಿಮ್ಮದಕ್ಕಿಂತ ಕಡಿಮೆ ದರ್ಜೇದು. ನಿಮಗಿನ್ನು ಬೇಡವಾದ ಆ ಹಳೇದನ್ನ..."

"ಅಯ್ಯೋ, ಧಾರಾಳವಾಗಿ!" ಗೆದ್ದವರಿಗೆ ದೊಡ್ಡ ಮನಸ್ಸು ತಾನಾಗೇ ಬರುತ್ತದೆ. ಡಾಕ್ಟರು ಅದನ್ನು ಹತ್ತಿಯಲ್ಲಿ ಸುತ್ತಿಕೊಟ್ಟರು. ಪ್ರೂಫಪ್ಪನವರು ಬೀದಿಯವರೆಗೂ ಹೋಗಿ ಷಡ್ಡಕನನ್ನು ಬೀಳ್ಕೊಟ್ಟು, ಎದುರಾದವರಿಗೆಲ್ಲ ಕಥೆ ಹೇಳಿಕೊಂಡು ಬಂದರು.

ಸಂಜೆ ಆರಕ್ಕೆ ಫೋನು ಬಂತು. ಪೋಸ್ಟ್‌ಮಾಸ್ತರರೂ ಡಾಕ್ಟರೂ ಇನ್ನೂ ಅಲ್ಲೇ ಕೂತು ತಂತಮ್ಮ ಪಾಲಿನ ಸಾಹಸ ಹೇಳಿಕೊಳ್ಳುತ್ತಿದ್ದರು. ಎಲ್ಲರೂ ಕೇಳಲೆಂದು ಪ್ರೂಫಪ್ಪನವರು ಸ್ಪೀಕರ್ ಹಾಕಿದರು.

"ಭಾವ! ನಿಮ್ಮ ಹಳೇದನ್ನ ರಿಪೇರಿಯವನ ಹತ್ರ ಹಾಕಿಸ್ದೆ. ಬಟನ್ ಒತ್ತಿ ಬೆರಳು ತೆಗೆಯೋದ್ರಲ್ಲಿ ಎದ್ದು ನಿಲ್ತು! ರಿಪೇರಿಯವನೇ ಬೆಚ್ಚಿಬಿದ್ದ!"

ಪ್ರೂಫಪ್ಪನವರ ಹುಬ್ಬು ಗಂಟಾಯಿತು. ಬೆರಳು ತೆಗೆಯುವುದರಲ್ಲಿ? ಮೆಲ್ಲಗೆ ಕಂಪ್ಯೂಟರಿನತ್ತ ಸರಿದು, ಅದರೊಳಗೆ ಏನೇನಿದೆ ಎಂದು ತೋರಿಸುವ ಪುಟ ತೆರೆದರು. ಕನ್ನಡಕ ಏರಿಸಿ, ಮೂವತ್ತು ವರ್ಷದ ಕರಡು ತಿದ್ದುವ ಕಣ್ಣಿನಿಂದ ಒಂದೊಂದೇ ಅಕ್ಷರ ಓದಿದರು. ಹನ್ನೆರಡು ವರ್ಷದಿಂದ ಇದ್ದ ಅದೇ ಹೆಸರು, ಅದೇ ಸಂಖ್ಯೆ. ಡಾಕ್ಟರು ನೆಟ್ಟಗೆ ಮಾಡಿದ್ದು ಹಳೆಯದನ್ನು. ಅದಕ್ಕೆ ಜೀವ ಬಂದದ್ದು ಧೂಳು ಹೋಗಿ ತಣ್ಣಗಾದದ್ದರಿಂದ. ಹೊಚ್ಚ ಹೊಸದು ಹತ್ತಿಯಲ್ಲಿ ಸುತ್ತಿಸಿಕೊಂಡು ಷಡ್ಡಕನ ಮನೆ ಸೇರಿತ್ತು.

"ಹಲೋ, ಭಾವ? ನೀವು ಬೇಡ ಅಂತ ಬಿಟ್ಟದ್ದೇ ಹೀಗೆ ಓಡ್ತಿದ್ರೆ, ನೀವು ಹಾಕ್ಕೊಂಡದ್ದು ಹೆಂಗಿರಬೇಕು! ನನಗೆ ಸಂಕೋಚ ಆಗ್ತಿದೆ. ಇಂಥ ಒಳ್ಳೇದನ್ನ ಸುಮ್ನೆ ಇಸ್ಕೊಳ್ಳೋದಾ? ನಾಳೆ ವಾಪಸ್ ತಂದುಕೊಡ್ಲಾ?"

ಪ್ರೂಫಪ್ಪನವರು ತಲೆಯೆತ್ತಿದರು. ಪೋಸ್ಟ್‌ಮಾಸ್ತರರು ಮೀಸೆ ತಿರುವುತ್ತಿದ್ದರು. ಡಾಕ್ಟರು ಬೆರಳುಗಳನ್ನು ತಾವೇ ಮೆಚ್ಚಿ ನೋಡಿಕೊಳ್ಳುತ್ತಿದ್ದರು. ಹೆಂಡತಿ ಬಾಗಿಲಿಗೊರಗಿ, ಮದುವೆಯ ಫೋಟೋದಲ್ಲೂ ಕಾಣದಂಥ ಮೆಚ್ಚುಗೆಯಿಂದ ಗಂಡನನ್ನೇ ನೋಡುತ್ತಿದ್ದರು.

ಅವರು ಕನ್ನಡಕ ತೆಗೆದು, ಆ ಪುಟವನ್ನು ಮುಚ್ಚಿ, ಎದೆ ಸೆಟೆಸಿದರು.

"ಛೆ ಛೆ, ಎಂಥ ಮಾತು! ಆ ಹಳೇದು ಇನ್ನು ನನಗ್ಯಾಕೆ?"