ನಾಲ್ಕೂರಿನ ಕಂಪ್ಯೂಟರುಗಳೂ ನನ್ನ ಡಾಕ್ಟರೇಟೂ

ಆ ಶನಿವಾರ ಸಂಜೆಯೊಳಗೆ ನಾನು ಡಾಕ್ಟರ್ ಆಗುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾರಿಗೂ ಎಂದರೆ, ನನಗೆ.

ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುವ ನನ್ನ ಸಂಶೋಧನೆ ಬಹಳ ಗಹನವಾದದ್ದು. ಒಂದು ದೈತ್ಯ ಲೆಕ್ಕ. ಮೊದಲು ಏನೋ ಒಂದು ಉತ್ತರ ಊಹಿಸಬೇಕು, ತಪ್ಪಿದ್ದಷ್ಟು ತಿದ್ದಬೇಕು, ಮತ್ತೆ ತಿದ್ದಬೇಕು. ಉತ್ತರ ಅಲುಗಾಡದೆ ನಿಲ್ಲುವವರೆಗೂ ಇದೇ ಕೆಲಸ. ಇದನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಲ್ಯಾಬುಗಳ ಕಂಪ್ಯೂಟರುಗಳಿಗೆ ಹಂಚಿದರೆ, ಅವು ಪ್ರತಿ ಸಲವೂ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತಾ, ಒಂದಕ್ಕೊಂದು ಕಾಯುತ್ತಾ ಲೆಕ್ಕ ಮುಗಿಸುತ್ತವೆ. ಅದಕ್ಕೆ ಎಷ್ಟು ಹೊತ್ತು ಬೇಕೆಂದು ಲೆಕ್ಕವನ್ನು ಅಲ್ಲಿ ಓಡಿಸದೆಯೇ, ಅಣಕು ಓಟ ನಡೆಸಿ ಹೇಳುವುದು ಸಿಮ್ಯುಲೇಶನ್. ಅದೇ ನನ್ನ ವಿದ್ಯೆ!

"ಓಡಿಸಿ ನೋಡಿದ್ರೆ ಗೊತ್ತಾಗಲ್ವೇನ್ರೀ?" ಎಂದಳು ಹೆಂಡತಿ ಸುಧಾ.

"ಅದನ್ನ ಯಾರು ಬೇಕಾದ್ರೂ ಮಾಡ್ತಾರೆ ಕಣೆ. ಸಂಶೋಧನೆ ಅಂದ್ರೆ ಅಷ್ಟು ಸುಲಭಾನಾ?"

ಬೆಳಿಗ್ಗೆ ಮೈಸೂರಿನಿಂದ ಪರೀಕ್ಷಕರು ಕಾಲೇಜಿಗೆ ಬಂದು ಎದುರು ಕುಳಿತರು. ಮೊದಲು ಸಿಮ್ಯುಲೇಶನ್, ಆಮೇಲೆ ಅಸಲಿ ಓಟ. ಎರಡೂ ತಾಳೆಯಾದರೆ ಪದವಿ. ನಾಲ್ಕೂರಿನ ಲ್ಯಾಬುಗಳೂ ಸಂಜೆಯವರೆಗೆ ನನ್ನವು. ಗಂಭೀರವಾಗಿ ಗುಂಡಿ ಒತ್ತಿದೆ.

ಪಾಪ, ನಾಲ್ಕೂರಿನ ಅಷ್ಟೂ ಕಂಪ್ಯೂಟರುಗಳ ವೇಷವನ್ನು ನನ್ನ ಒಂದೇ ಲ್ಯಾಪ್‌ಟಾಪ್ ಹಾಕಬೇಕಿತ್ತು. ಅದು ಏದುಸಿರು ಬಿಡತೊಡಗಿತು. ಅರಕಲಗೂಡಿನ ಲ್ಯಾಬ್ ನೋಡಿಕೊಳ್ಳುವ ಮಂಜೇಗೌಡ ಫೋನ್ ಮಾಡಿದ.

"ಸಾ, ಇಲ್ಲೆಲ್ಲ ರೆಡಿ ಐತೆ. ಸುರು ಮಾಡ್ಬುಡ್ಲಾ?"

"ತಾಳಪ್ಪಾ! ಎಷ್ಟು ಹೊತ್ತಾಗುತ್ತೆ ಅಂತ ಮೊದ್ಲು ಗೊತ್ತಾಗ್ಲಿ!"

ಊಟದ ಹೊತ್ತಿಗೆ ಒಂದು ಘನವಾದ ವಿಷಯ ಹೊಳೆಯಿತು. ಹೊಳೆನರಸೀಪುರದ ಇಂಟರ್ನೆಟ್ ನಿಧಾನ ಎಂಬುದನ್ನು ಸೇರಿಸಲು ಮರೆತಿದ್ದೆ. ಮೊದಲಿನಿಂದ ಶುರು! ಪರೀಕ್ಷಕರು ಇನ್ನೊಂದು ಕಾಫಿ ಕುಡಿದರು. ಆಮೇಲೆ ಮತ್ತೊಂದು. ಆಮೇಲೆ ಆಕಳಿಸತೊಡಗಿದರು.

ಸಂಜೆ ಮತ್ತೆ ಫೋನು. "ಸಾ, ಬೀಗ ಆಕೋಕೆ ಬಂದವ್ರೆ. ಈಗ್ಲಾದ್ರೂ ಒತ್ಲಾ?"

"ಬೇಡ! ಇನ್ನೇನು ಬಂದೇ ಬಿಡ್ತು!"

"ಅಂಗಾರೆ ನಾನ್ ಓಯ್ತೀನಿ ಸಾ. ಬಸ್ ಒಂಟೋಯ್ತದೆ."

ಅವನು ಬಸ್ಸು ಹತ್ತಿರಬೇಕು, ಅಷ್ಟರಲ್ಲಿ ಲ್ಯಾಪ್‌ಟಾಪ್ ಬಾಯಿಬಿಟ್ಟಿತು. ಅಸಲಿ ಓಟಕ್ಕೆ ಬೇಕಾಗುವ ಸಮಯ: ಹತ್ತು ನಿಮಿಷ.

ಪರೀಕ್ಷಕರು ಪರದೆ ನೋಡಿದರು, ಗಡಿಯಾರ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಓಡಿಸಿ, ತಾಳೆ ನೋಡೋಣ."

"ಲ್ಯಾಬುಗಳಿಗೆಲ್ಲ ಬೀಗ ಬಿದ್ದಿದೆ ಸರ್. ಆದ್ರೆ ನನ್ನ ಉತ್ತರ ತಪ್ಪು ಅಂತ ಈಗ ಯಾರೂ ಹೇಳೋಕಾಗಲ್ಲ ಸರ್!"

"ಸರಿ ಅಂತಲೂ ಹೇಳೋಕಾಗಲ್ಲ ಮೇಷ್ಟ್ರೇ. ಆರು ತಿಂಗಳು ಬಿಟ್ಟು ನೋಡೋಣ" ಎಂದು ಅವರು ಬ್ಯಾಗು ಎತ್ತಿಕೊಂಡರು.

ಮನೆಗೆ ಬಂದು ಸೋಫಾ ಮೇಲೆ ಬಿದ್ದುಕೊಂಡೆ. ನಡೆದದ್ದನ್ನೆಲ್ಲ ಕೇಳಿಯೂ ಸುಧಾ ನಗಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ಹಸಿವು ಕಣೆ. ಅನ್ನ ಆಯ್ತಾ?"

"ಅಕ್ಕಿ ಬೇಯೋಕೆ ಎಷ್ಟು ಹೊತ್ತು ಬೇಕು ಅಂತ ಸಿಮ್ಯುಲೇಶನ್ ಮಾಡ್ತಿದೀನಿ ರೀ. ಮುಗಿದ್ಮೇಲೆ ಒಲೆ ಹಚ್ತೀನಿ."

ತೆಪ್ಪಗೆ ಎದ್ದುಹೋಗಿ ನಾನೇ ಕುಕ್ಕರ್ ಇಟ್ಟೆ. ಎಷ್ಟು ವಿಷಲ್ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ!