ಅತ್ತೆಯ ಹನ್ನೊಂದು ಇಂಗ್ಲಿಷ್ ಹಾಡುಗಳು

ವಕ್ಕಲೇರಿಯಿಂದ ಮಾಲೂರಿನವರೆಗೆ ಮನೆಮನೆ ಹುಡುಕಿದರೂ ರೇಷ್ಮೆ ಹುಳುಗಳಿಗೆ ಇಂಗ್ಲಿಷ್ ಹಾಡು ಕೇಳಿಸುವ ಇನ್ನೊಬ್ಬ ಹೆಂಗಸು ನಿಮಗೆ ಸಿಗುವುದಿಲ್ಲ. ಸಿಕ್ಕರೆ ತಿಳಿಸಿ, ಡೈರಿಯಲ್ಲಿ ತಿದ್ದಿಕೊಳ್ಳುತ್ತೇನೆ! ನಾನು ಹೇಳುತ್ತಿರುವುದು ನಮ್ಮ ಅತ್ತೆಯ ವಿಷಯ, ಅಂದರೆ ಅಪ್ಪನ ಅಕ್ಕ. ವಯಸ್ಸು ಅರವತ್ತೆರಡು. ಬಾಯಲ್ಲಿರುವ ಇಂಗ್ಲಿಷ್ ಪದಗಳು ಐದು: ಬಸ್ಸು, ಕರೆಂಟು, ಕೋಟು, ಸ್ಟೈಲು, ಸಾರಿ. ಐದನೆಯದನ್ನು ಅವರು ಬಳಸಿದ್ದನ್ನು ನಾನಿನ್ನೂ ಕೇಳಿಲ್ಲ.

ಅವರ ಹಾಡಿಗೆ ಒಂದು ಕಾಲವುಂಟು. ಶಿವರಾತ್ರಿ ಕಳೆದು, ಶ್ರೀನಿವಾಸಪುರದ ಕಡೆ ಮಾವಿನ ಹೂವು ಮಿಡಿಯಾಗುವ ಹೊತ್ತಿಗೆ ಶುರು. ಯುಗಾದಿ ಆಯಿತೋ, ಬಂದ್. ಮಳೆಗಾಲದ ಬೆಳೆಗೆ ಹಾಡಿಲ್ಲ, ಬೇಸಿಗೆಯ ಬೆಳೆಗೂ ಇಲ್ಲ. ಚಳಿಗಾಲದಲ್ಲಿ ನಾವು ಹುಳು ಸಾಕುವುದೇ ಇಲ್ಲ. ಯಾಕೆ ಅಂತ ಮೂರು ವರ್ಷಗಳಲ್ಲಿ ಒಂಬತ್ತು ಸಲ ಕೇಳಿದ್ದೇನೆ. ಒಂಬತ್ತು ಸಲವೂ ಒಂದೇ ಉತ್ತರ.

"ಹಾಡಿಗೂ ಒಂದು ಕಾಲ ಬೇಡ್ವೇನೇ? ನೀನು ಕಾರ್ತೀಕದಲ್ಲಿ ಮಾವಿನಹಣ್ಣು ತಿಂತೀಯಾ?"

ಹಾಡುಗಳನ್ನು ಹುಡುಕಿಕೊಟ್ಟವಳು ನಾನೇ. ವಸಂತದಲ್ಲಿ ಕೇಳಬೇಕಾದ ಸ್ಟೈಲಿಶ್ ಪಾಶ್ಚಾತ್ಯ ಹಾಡುಗಳು ಎಂಬ ಪಟ್ಟಿಯೊಂದು ಮೊಬೈಲಿನಲ್ಲಿ ಸಿಕ್ಕಿತ್ತು. ಒಟ್ಟು ಇಪ್ಪತ್ತು. ಅತ್ತೆ ಒಂದನ್ನೂ ಕೇಳದೆ, ಹಾಡಿದವರ ಫೋಟೋ ನೋಡಿಯೇ ಆಯ್ಕೆ ಮುಗಿಸಿದರು. ಒಬ್ಬನ ಕೋಟು ಚೆನ್ನಾಗಿದೆ ಎಂದು ಪಾಸು. ಒಬ್ಬಳು ಮಧ್ಯಾಹ್ನದ ಊಟ ಮಾಡಿದ ಹಾಗೆ ಕಾಣುವುದಿಲ್ಲ ಎಂದು ಫೇಲು. ಗಡ್ಡದವನೊಬ್ಬನನ್ನು ಬಹಳ ಹೊತ್ತು ನೋಡಿ, ನಮ್ಮ ತಾತನ ಹಾಗಿದ್ದಾನೆ, ಇರಲಿ ಎಂದರು. ಹೀಗೆ ಉಳಿದವು ಹನ್ನೊಂದು. ಅವಕ್ಕೆ ಹೆಸರಿಟ್ಟವರೂ ಅವರೇ: ಕೋಟಿನವನ ಹಾಡು, ನೆಗಡಿ ಹಾಡು, ಮೆಟ್ಟಿಲು ಇಳಿಯೋ ಹಾಡು, ಸಾಲ ಕೇಳೋನ ಹಾಡು. ಆ ಕೊನೆಯದನ್ನು ನೀವು ಕೇಳಬೇಕು. ನಿಜಕ್ಕೂ ಹಾಗೇ ಇದೆ!

ಕೇಳುವುದಕ್ಕೂ ಒಂದು ವೇಷ. ಕಣ್ಣಿನ ಆಪರೇಷನ್ ಆದಾಗ ಕೊಟ್ಟ ದೊಡ್ಡ ಕಪ್ಪು ಕನ್ನಡಕ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹುಳುಮನೆಯ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಾರೆ. ಪುಟ್ಟ ಸ್ಪೀಕರನ್ನು ಬಿದಿರು ತಟ್ಟೆಗಳ ಸ್ಟ್ಯಾಂಡಿನ ಮೇಲಿಟ್ಟು, ಅದರ ನೆತ್ತಿಯ ಮೇಲೊಂದು ಅಂಗೈ ಇಡುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ. ಆಮೇಲೆ ತಲೆ ಕುಣಿಯುತ್ತದೆ. ಡೋಲು ಜೋರಾಗಿರುವ ಹಾಡಾದರೆ ಸೊಂಟವೂ ಸ್ವಲ್ಪ.

ಹಾಡಿನಲ್ಲಿ ಎಷ್ಟು ಮುಳುಗುತ್ತಾರೆಂದರೆ, ಹಿಂದಿನಿಂದ ಕರೆದರೆ ತಿರುಗುವುದೇ ಇಲ್ಲ. ಒಂದು ಸೋಮವಾರ ಲೆಕ್ಕ ಇಟ್ಟೆ. ಕರೆದದ್ದು ಏಳು ಸಲ, ತಿರುಗಿದ್ದು ಒಂದು ಸಲ. ಅದೂ ನೊಣ ಬಂದದ್ದಕ್ಕೆ.

ಮುಳಬಾಗಿಲಿನಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಪಕ್ಕದ ಮನೆಯಾಕೆ ಒಮ್ಮೆ ಬಾಗಿಲಲ್ಲಿ ನಿಂತು ನಕ್ಕರು. "ಏಮಕ್ಕಾ, ಹುಳಾನೂ ಇಂಗ್ಲಿಷ್ ಮೀಡಿಯಂಗೆ ಸೇರಿಸಿಬಿಟ್ಯಾ?"

ಅತ್ತೆ ಅವರ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡು, "ಹೂಂ ಕಣೇ. ನಾಳೆ ಸೀರೆಯಾಗಿ ದೊಡ್ಡೋರ ಮದುವೆಗೆ ಹೋದಾಗ ಬೆಪ್ಪಾಗಿ ನಿಂತ್ಕೋಬಾರ್ದು ನೋಡು" ಎಂದರು.

ಇಷ್ಟೆಲ್ಲ ನಗುವಿನ ನಡುವೆ ಒಂದು ಗಂಭೀರ ವಿಷಯವಿತ್ತು. ಹೋದ ವರ್ಷ ಇದೇ ವಸಂತದ ಬೆಳೆ ಕೆಟ್ಟಿತ್ತು. ಹುಳು ಹಸಿದಾಗ ಸೊಪ್ಪು ಬೀಳಲಿಲ್ಲ, ಹಾಡಿನ ಹುಚ್ಚಿನಲ್ಲಿ ಅಕ್ಕ ಮರೆತಳು ಎಂದು ಅಪ್ಪನ ಸಿಟ್ಟು. ಈ ಸಲ ಒಂದೇ ಒಂದು ಹೊತ್ತು ಮೇವು ತಪ್ಪಿದರೂ ಹುಳುಮನೆಯನ್ನು ಕೊಟ್ಟಿಗೆ ಮಾಡಿ ಎರಡು ಸೀಮೆಹಸು ಕಟ್ಟುತ್ತೇನೆ ಎಂದುಬಿಟ್ಟರು. ಮೇವಿನ ಹೊತ್ತು ಬರೆದಿಡುವ ಕೆಲಸ ನನಗೆ ಬಂತು. ದಿನವೂ ಸಂಜೆ ಅಪ್ಪ ನನ್ನ ಡೈರಿ ನೋಡುತ್ತಿದ್ದರು. ಅತ್ತೆಗೆ ಹಸುಗಳ ಮೇಲೆ ದ್ವೇಷವೇನಿಲ್ಲ. ಆದರೆ ನಲವತ್ತು ವರ್ಷ ಆಳಿದ ಮನೆಯನ್ನು ಯಾರು ತಾನೇ ಹಸುವಿಗೆ ಬಿಟ್ಟುಕೊಡುತ್ತಾರೆ?

ಆಳಿದ್ದು ಎಂದರೆ ಸುಮ್ಮನೆ ಅಲ್ಲ. ರೇಷ್ಮೆ ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳು ಸೊಪ್ಪಿನ ಮೇಲೆ ಬಿತ್ತೆಂದರೆ ಮಳೆ ಬಂದ ಹಾಗೆ ಸದ್ದು. ಯಾರೇ ಬಂದರೂ ಬಾಗಿಲಲ್ಲಿ ನಿಂತು ಆ ಸದ್ದು ಕೇಳಿ, ಬೆಳೆ ಹೇಗಿದೆಯೆಂದು ಒಂದು ಮಾತು ಹೇಳಿ ಹೋಗುವುದು ಪದ್ಧತಿ. ಆ ವಿದ್ಯೆಯಲ್ಲಿ ಅತ್ತೆಯನ್ನು ಮೀರಿಸಿದವರಿಲ್ಲ. ಕ್ಯಾಲನೂರು, ಹೋಳೂರುಗಳಿಂದ ಬಂದು ಕರೆದೊಯ್ಯುತ್ತಿದ್ದರು. ಕಣ್ಣು ಮುಚ್ಚಿ ನಿಂತು, ಮೂರನೇ ಸಾಲಿನ ಕೆಳಗಿನ ತಟ್ಟೆ ಹಸಿದಿದೆ ಎಂದರೆ, ಹಸಿದಿರುತ್ತಿತ್ತು. ಈಚೆಗೆ ಹಾಡುಗಳು ಬಂದ ಮೇಲೆ ಅವರು ಎಲ್ಲಿಗೂ ಹೋಗುತ್ತಿಲ್ಲ. ಈ ವಸಂತದಲ್ಲಿ ಬಂದ ಕರೆಗಳು ನಾಲ್ಕು. ನಾಲ್ವರಿಗೂ ಸಿಕ್ಕ ಉತ್ತರ, ಹಾಡು ಅರ್ಧಕ್ಕಿದೆ, ಆಮೇಲೆ ನೋಡೋಣ.

ಜ್ವರದ ದಿನಗಳಲ್ಲಿ ಮಾತ್ರ ಹಾಡಿಲ್ಲ. ಕಾಯಿಲೆ ಮಲಗಿದವರ ಮುಂದೆ ಯಾರಾದರೂ ಹಾಡು ಹಾಕುತ್ತಾರೆಯೇ ಎಂದು ನನ್ನನ್ನೇ ಗದರಿದ್ದರು. ಎಂಥ ಅಂತಃಕರಣ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ನಾಲ್ಕನೇ ಜ್ವರ ಬಿಟ್ಟ ದಿನದಿಂದ ಮತ್ತೆ ಹಾಡು, ಅದೂ ಸ್ಪೀಕರ್ ಹರಿದುಹೋಗುವಷ್ಟು ಜೋರಾಗಿ.

ಆ ಸ್ಪೀಕರನ್ನು ಚಾರ್ಜಿಗೆ ಹಾಕುವ ಹೊಣೆ ನನ್ನದು. ಇಪ್ಪತ್ತಾರು ದಿನ ತಪ್ಪಿರಲಿಲ್ಲ. ಇಪ್ಪತ್ತೇಳನೆಯ ದಿನ ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತೆ.

ಮಧ್ಯಾಹ್ನ ಮೂರು ಗಂಟೆ. ಹುಳುಮನೆಯಲ್ಲಿ ನಾನು, ಅತ್ತೆ ಇಬ್ಬರೇ. ನೆಗಡಿ ಹಾಡು ನಡುವೆಯೇ ನಿಂತುಹೋಯಿತು. ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ತಟ್ಟೆಗಳಿಂದ ಎದ್ದು ಬಂತು ನೋಡಿ, ಮಳೆ! ಎಷ್ಟು ಚೆನ್ನಾಗಿ ಮೇಯುತ್ತಿದ್ದವು! ಅತ್ತೆಗೆ ಖುಷಿಯಾಗಿರುತ್ತದೆ ಎಂದು ತಿರುಗಿದೆ. ಸ್ಪೀಕರಿನ ಮೇಲಿದ್ದ ಕೈ ಹಾಗೇ ಇತ್ತು. ಮುಖ ಬಿಳಿಚಿಕೊಂಡಿತ್ತು. ಕನ್ನಡಕ ತೆಗೆದು ಒಂದೊಂದೇ ತಟ್ಟೆಗೆ ಬಗ್ಗಿ ಬಗ್ಗಿ ನೋಡತೊಡಗಿದರು.

ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದರು. ಹಾಡು ನಿಂತದ್ದು ಅವರಿಗೂ ಅಚ್ಚರಿ.

"ಅಕ್ಕಾ, ಸದ್ದು ಹೆಂಗಿದೆ?"

ಅತ್ತೆ ಬೆನ್ನು ಹಾಕಿ ನಿಂತಿದ್ದರು. ತಿರುಗಲಿಲ್ಲ. ಈಗ ಹಾಡೂ ಇರಲಿಲ್ಲ.

ಮೂರು ವರ್ಷದ ನನ್ನ ಲೆಕ್ಕವೆಲ್ಲ ಒಂದೇ ಕ್ಷಣದಲ್ಲಿ ಕೂಡಿಕೊಂಡಿತು. ಮಳೆಗಾಲದಲ್ಲಿ ತಗಡಿನ ಸೂರಿನ ಮೇಲೆ ಮಳೆಯ ಆರ್ಭಟ. ಬೇಸಿಗೆಯಲ್ಲಿ ಎರಡು ಫ್ಯಾನುಗಳ ಗರಗರ. ಆಗ ಹುಳುವಿನ ಸದ್ದು ಯಾರಿಗೂ ಕೇಳಿಸದು, ಸದ್ದು ಹೇಗಿದೆಯೆಂದು ಅತ್ತೆಯನ್ನು ಯಾರೂ ವಿಚಾರಿಸರು. ವಸಂತವೊಂದೇ ನಿಶ್ಶಬ್ದ. ಆ ನಿಶ್ಶಬ್ದ ಮುಚ್ಚುವುದಕ್ಕೆ ಹನ್ನೊಂದು ಹಾಡುಗಳು.

ನಾನು ಅತ್ತೆಯ ಎದುರಿಗೆ ಹೋಗಿ ನಿಂತು, ಅಪ್ಪ ಸದ್ದು ಹೇಗಿದೆ ಅಂತ ಕೇಳುತ್ತಿದ್ದಾರೆ ಎಂದು ದನಿಯಿಲ್ಲದೆ, ತುಟಿಯಲ್ಲೇ ನಿಧಾನವಾಗಿ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಅವರ ಅಂಗೈ ಪಕ್ಕದಲ್ಲಿ, ಸ್ಟ್ಯಾಂಡಿನ ಬಿದಿರಿನ ಮೇಲೆ ನನ್ನ ಹತ್ತೂ ಬೆರಳುಗಳನ್ನು ಮಳೆಯ ಹಾಗೆ ಆಡಿಸಿದೆ. ಅತ್ತೆ ಕೈಯನ್ನು ಬಿದಿರಿಗೆ ಒತ್ತಿ ಹಿಡಿದರು. ಕಣ್ಣು ಮುಚ್ಚಿದರು.

"ಒಳ್ಳೇ ಮಳೆ ಹಿಡಿದಂಗೈತೆ ಕಣೋ" ಎಂದರು. ಆಮೇಲೆ ಕಣ್ಣು ಬಿಟ್ಟು, ಮೂಲೆಗೆ ಕೈ ತೋರಿಸಿದರು. "ಆ ಕೊನೇ ತಟ್ಟೆ ಮಾತ್ರ ಹಸ್ಕೊಂಡೈತೆ. ಬರೀ ನಾರು ಉಳ್ದೈತೆ. ಸೊಪ್ಪು ತಗೊಂಬಾ."

ಅಪ್ಪ ಮೂಲೆಗೆ ಹೋಗಿ ಕಿವಿಗೊಟ್ಟರು. ಹೌದು, ಅಲ್ಲಿ ಸದ್ದಿರಲಿಲ್ಲ. "ನಿನ್ನ ಕಿವಿ ಅಂದ್ರೆ ಕಿವಿ ಕಣಕ್ಕಾ" ಎಂದು ಸೊಪ್ಪು ತರಲು ಹೋದರು.

ಅತ್ತೆ ಸೆರಗಿನಿಂದ ಸ್ಪೀಕರ್ ಒರೆಸಿದರು. ನನ್ನ ಕೈಯಲ್ಲಿದ್ದ ಡೈರಿಯನ್ನು ನೋಡಿದರು.

"ಸಾರಿ ಕಣೇ" ಎಂದರು.

ಆ ಸಂಜೆ ಅಪ್ಪ ಓದಿ ತಲೆಯಾಡಿಸಿದ ಪುಟದಲ್ಲಿ ಹೀಗಿದೆ: ಮೇವು, ನಾಲ್ಕು ಹೊತ್ತು. ಹಾಡು, ಹನ್ನೊಂದು. ಅತ್ತೆಯನ್ನು ಕರೆದದ್ದು, ಒಂದು ಸಲ. ತಿರುಗಿದ್ದು, ಒಂದು ಸಲ.