ನಾಲ್ಕು ಶರ್ಟು, ಎಂಟು ತಿಂಗಳು

ಶುಕ್ರವಾರ ಮುಂಜಾನೆ ಹುಮನಾಬಾದಿನ ನಾಗನಾಥನಿಗೆ ಮಸ್ಕತ್‌ನಿಂದ ವಸೀಮ್ ಸೇಠರ ಫೋನು ಬಂತು. "ಫೋಟೊ ಸಾಕು. ಇವತ್ತ ಮಧ್ಯಾಹ್ನ ಮನಿ ಒಳಗಿಂದ ವಿಡಿಯೋದಾಗ ಮಾತಾಡು."

ಬಸವಕಲ್ಯಾಣದಲ್ಲಿರುವ ಸೇಠರ ಮನೆಯನ್ನು ವಾರಕ್ಕೊಮ್ಮೆ ತೆರೆದು, ಗುಡಿಸಿ ಒರೆಸಿ, ಫೋಟೊ ಕಳಿಸುವುದು ನಾಗನಾಥನ ನೌಕರಿ. ಅದಕ್ಕಾಗಿ ಸೇಠರದೇ ಹುಮನಾಬಾದಿನ ಎರಡು ಕೋಣೆಗಳಲ್ಲಿ ಬಾಡಿಗೆಯಿಲ್ಲದ ಸಂಸಾರ. ಈ ಭೂಪನೋ, ಎಂಟು ತಿಂಗಳ ಹಿಂದೆ ಒಂದೇ ದಿನ ನಾಲ್ಕು ಶರ್ಟು ಬದಲಿಸಿ, ಕೋಣೆ ಕೋಣೆಯಲ್ಲಿ ನಿಂತು ನಲವತ್ತು ಫೋಟೊ ತೆಗೆದಿಟ್ಟುಕೊಂಡಿದ್ದ. ವಾರಕ್ಕೊಂದು ಕಳಿಸುತ್ತಿದ್ದ. ಆಮೇಲೆ ಆ ಕಡೆ ಕಾಲಿಟ್ಟಿದ್ದರೆ ಕೇಳಿ! ನೌಕರಿ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು.

ಹೆಂಡತಿ ವಿಜಯಶ್ರೀ ಪ್ರತಿ ಶುಕ್ರವಾರದಂತೆ ಘಾಟಬೋರಾಳದ ತಂಗಿಯ ಮನೆಗೆ ಹೋಗಿದ್ದಳು. ಸದ್ಯ, ಬೈಯುವವರಿಲ್ಲ ಎಂದುಕೊಂಡು ಹೊಸ ಕಸಬರಿಗೆ ಕೊಂಡು ಬಸ್ಸು ಹತ್ತಿದ.

ಬೀಗ ತೆಗೆಯುವಾಗ ಪಕ್ಕದ ಮನೆಯ ಮುದುಕಿ ಹಜಿರಾ ಬೀ ಕಟ್ಟೆಯಿಂದ ಕೂಗಿದಳು. "ಅರೇ ನಾಗನಾಥ! ಒಳಗ ಹುಷಾರಿಲೇ ಹೋಗಪ್ಪ."

"ಯಾಕ್ರಿ ಖಾಲಾ?"

"ಜುಮ್ಮಾಕ್ಕೊಮ್ಮೆ, ಶುಕ್ರವಾರ ಬಂತಂದ್ರ, ಒಳಗ ಕೈಬಳಿ ಸಪ್ಪಳ ಕೇಳಸ್ತದ. ಮುಂದಿನ ಬೀಗ ಹಾಕಿದಂಗ ಇರ್ತದ. ವಸೀಮನ ಅಮ್ಮಿ ಅಸ್ಗರಿ ಸತ್ತ್ರೂ ಮನಿ ಬಿಟ್ಟಿಲ್ಲ ನೋಡು. ಕಸಾ ಕಂಡ್ರ ಆಕಿಗಿ ಭಾಳ ಸಿಟ್ಟು."

'ಮುದುಕಿಗೆ ಅರುಳು ಮರುಳು' ಎಂದುಕೊಂಡು ಒಳಗೆ ಹೋದವನು ಅಲ್ಲೇ ನಿಂತ. ಒಂದು ಜೇಡರ ಬಲೆಯಿಲ್ಲ. ನೆಲದ ಶಹಾಬಾದಿ ಕಲ್ಲು ಈಗಷ್ಟೇ ಒರೆಸಿದಂತೆ ಹಸಿ. ಗೋಡೆ ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿತ್ತು. ಮುಚ್ಚಿದ ಮನೆಯಲ್ಲಿ ಲೋಬಾನದ ಹೊಗೆಯ ವಾಸನೆ. ಹಸಿ ನೆಲದ ಮೇಲೆ ಸಣ್ಣ ಬರಿಗಾಲಿನ ಹೆಜ್ಜೆಗಳು ಅಡಿಗೆಮನೆಯತ್ತ ಹೋಗಿದ್ದವು. ಮರಳಿ ಬಂದ ಹೆಜ್ಜೆ ಒಂದೂ ಇರಲಿಲ್ಲ.

ಅವನು ನೋಡುತ್ತಿದ್ದಂತೆ ಅಡಿಗೆಮನೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗೆ ಬಳೆ ಝಲ್ಲೆಂದವು.

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಸೇಠರ ಮುಖ ಅರಳಿತ್ತು. "ವಾಹ್ ನಾಗನಾಥ! ಮನಿ ಚಕಾಚಕ್ ಇಟ್ಟೀದಿ!"

'ಹೌದ್ರಿ' ಎಂದಿದ್ದರೆ ಮುಗಿಯುತ್ತಿತ್ತು. ಹಣೆಬರಹ, ಬಾಯಿಗೆ ಬಂದದ್ದೇ ಬೇರೆ. "ನಾ ಅಲ್ರೀ ಸೇಠ! ನಿಮ್ಮ ಅಮ್ಮಿ ಇಟ್ಟಾರ್ರಿ! ನಾ ಎಂಟು ತಿಂಗಳಿಂದ ಈ ಕಡಿ ಹಾಯ್ದಿಲ್ಲ! ನಾಲ್ಕು ಶರ್ಟು ಬದಲಿಸಿ ಹಳೇ ಫೋಟೊ ಕಳಸೀನ್ರಿ! ಅಮ್ಮೀ, ತಪ್ಪಾತು, ಬಿಟ್ಟುಬಿಡ್ರೀ!"

ಬಾಗಿಲು ಧಡಾರನೆ ತೆರೆಯಿತು. ಒದ್ದೆ ಅರಿವೆ ಹಿಡಿದು ನಿಂತಿದ್ದವಳು ವಿಜಯಶ್ರೀ.

"ನಿಮ್ಮ ಬಾಯಾಗ ಮಣ್ಣ ಬೀಳ್ಲಿ! ನಿಮ್ಮ ಫೋಟೊ ಆಟ ನಂಗ ಎಂದೋ ಗೊತ್ತಿತ್ತು. ಇರೋ ಸೂರು ಹೋಗಬಾರ್ದಂತ ತಂಗಿ ಮನಿ ನೆವ ಹೇಳಿ, ಹಿತ್ತಲ ಕೀಲಿಕೈ ತಗೊಂಡು, ಆ ಬಾಗಲ್ಲೆ ಬಂದು ವಾರಾ ವಾರಾ ಒರಸೀನಿ. ಸೇಠ್ರೇ ಬಂದ್ರಂತ ಅಡಗಿ ಕುಂತ್ರ, ನೀವ ಎಲ್ಲಾ ಒದರಿಬಿಟ್ರಿ!"

ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಸೇಠರು, "ಭಾಭಿ, ಇವತ್ತಿನಿಂದ ನೌಕರಿ ನಿಮ್ದು. ನಾಗನಾಥನ್ನ ಇಟ್ಕೋಬೇಕೋ ಬ್ಯಾಡೋ ನೀವ ನೋಡ್ರಿ" ಎಂದು ಫೋನು ಇಟ್ಟರು.

ವಿಜಯಶ್ರೀ ಗಂಡನ ಕಂಕುಳಲ್ಲಿದ್ದ ಕಸಬರಿಗೆ ನೋಡಿದಳು. "ಮ್ಯಾಲಿನ ಕೋಣಿ ಕೀಲಿಕೈ ನನ್ನ ಹಂತ್ಯಾಕ ಇದ್ದಿಲ್ಲ. ಎಂಟು ತಿಂಗಳ ಧೂಳು ಕೂತಿರ್ತದ. ನಡೀರಿ, ಗುಡಸ್ರಿ."

ನಾಗನಾಥ ಮೆಟ್ಟಿಲು ಹತ್ತಿ, ತುಕ್ಕು ಹಿಡಿದ ಬೀಗವನ್ನು ಹೆಣಗಾಡಿ ತೆಗೆದ. ಕೋಣೆಯಲ್ಲಿ ಒಂದು ಕಡ್ಡಿ ಕಸವಿರಲಿಲ್ಲ. ನೆಲ ಹಸಿಯಾಗಿತ್ತು.

ಕೆಳಗಿನಿಂದ ಹೆಂಡತಿ ಕೂಗಿದಳು. "ರೀ, ಬಂದ ಕೂಡ್ಲೆ ಲೋಬಾನ ಯಾಕ ಹಚ್ಚಿದ್ರಿ? ನಂಗ ಕೆಮ್ಮು ಬರಾಕತ್ತದ!"

ಈ ಸಲ ನಾಗನಾಥ ಬಾಯಿ ಬಿಗಿಹಿಡಿದ. "ಹೌದು, ನಾನ ಹಚ್ಚೀನಿ" ಎಂದು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸತೊಡಗಿದ.